ಫೋನು ತಪ್ಪಿದರೆ ಹಂದಿ ಯಾರದು?

ತಾನಿಯೇಲು ಬಸ್ಸು ಓಡಿಸುವಾಗ ಮಾತಾಡುತ್ತಿದ್ದ, ಊಟ ಮಾಡುವಾಗ ಮಾತಾಡುತ್ತಿದ್ದ, ನಿದ್ದೆಯಲ್ಲೂ ಮಾತಾಡುತ್ತಾನೆಂದು ಅವನ ಹೆಂಡತಿ ಸಲಫಾಯಿ ಹೇಳುತ್ತಿದ್ದಳು. ಅವನು ಬಾಯಿ ಬಿಡದೇ ಇದ್ದದ್ದು ಒಂದೇ ಕಡೆ. ಮಾತಾಡಲೆಂದೇ ಊರು ಅವನನ್ನು ಕೂರಿಸಿದ್ದ ಜಾಗದಲ್ಲಿ.

ಸೋದರಮಾವ ತೀರಿಕೊಂಡ ಮೇಲೆ ಮನೆತನದವರೆಲ್ಲ ಸೇರಿ 'ಲಾಪಾ' ಎಂಬ ಪದವಿಯನ್ನು ಅವನಿಗೆ ಕಟ್ಟಿ ಹನ್ನೊಂದು ತಿಂಗಳಾಗಿತ್ತು. ಸಮೋವಾ ದ್ವೀಪದ ಅವರ ಊರು ಸಾಲೆಪುವಾದಲ್ಲಿ ದೊರೆ ಯಜಮಾನರು ಬೇರೆ, ಮಾತಿನ ಯಜಮಾನರು ಬೇರೆ. ದೊರೆಗಳು ಗಂಭೀರವಾಗಿ ಕೂರುತ್ತಾರೆ. ಅವರ ಪರವಾಗಿ, ಊರಿನ ಪರವಾಗಿ ಎದ್ದುನಿಂತು ಮಾತಾಡುವುದು ಮಾತಿನ ಯಜಮಾನರ ಕೆಲಸ. ಲಾಪಾ ಅಂದರೆ ಮಾತಿನ ಪದವಿ. ಅದರ ಜೊತೆಗೆ ಸಭಾಮನೆಯಲ್ಲಿ ಒರಗಿಕೊಳ್ಳಲು ಒಂದು ಕಂಬವೂ ಬರುತ್ತದೆ. ಹನ್ನೊಂದು ತಿಂಗಳು ತಾನಿಯೇಲು ಆ ಕಂಬಕ್ಕೆ ಚೆನ್ನಾಗಿ ಒರಗಿದ್ದ. ಅವನಿಗೂ ಕಂಬಕ್ಕೂ ಇದ್ದ ವ್ಯತ್ಯಾಸವೆಂದರೆ ಕಂಬ ಕೆಮ್ಮುತ್ತಿರಲಿಲ್ಲ.

ಹೌದು, ಕೆಮ್ಮು. ಮಾತಿನ ಸರದಿ ತನ್ನ ಕಡೆ ಬರುತ್ತಿದೆ ಅನ್ನಿಸಿದ ಕೂಡಲೇ ಅವನಿಗೆ ಕೆಮ್ಮು ಬರುತ್ತಿತ್ತು. ಕೆಮ್ಮು ಹಳೆಯದಾದ ಮೇಲೆ ಹಲ್ಲುನೋವು ಬಂತು. ಒಂದೇ ಹಲ್ಲನ್ನು ಎರಡು ಸಲ ಕೀಳಿಸಿದೆನೆಂದು ಅವನು ಹೇಳಿದಾಗ ಹಿರಿಯರು ಮುಖ ಮುಖ ನೋಡಿಕೊಂಡರು. ಆಮೇಲೆ ಬಸ್ಸಿನ ಟೈರುಗಳು ಸರದಿಯಂತೆ ಪಂಕ್ಚರ್ ಆಗತೊಡಗಿದವು, ಸಭೆ ಇದ್ದ ದಿನಗಳಲ್ಲಿ ಮಾತ್ರ.

ಅವನ ಭಯಕ್ಕೆ ಕಾರಣವಿತ್ತು. ಅತಿಥಿಗಳ ಎದುರು ಎದ್ದವನು ಮೊದಲು ಎರಡೂ ಊರುಗಳ ಬಿರುದಾವಳಿ ಹೇಳಬೇಕು. ಯಾವ ಯಜಮಾನನಿಗೆ ಯಾವ ಬಿರುದು, ಯಾರು ಮೊದಲು, ಯಾರು ಆಮೇಲೆ ಎಲ್ಲವೂ ಸರಿಯಾಗಿರಬೇಕು. ಒಂದು ಹೆಸರು ಬಿಟ್ಟುಹೋದರೆ, ಒಂದು ಹಿಂದೆ ಮುಂದೆ ಆದರೆ ಅವಮಾನ. ಅವಮಾನಕ್ಕೆ ದಂಡ, ಅದೂ ಹಂದಿಯ ಲೆಕ್ಕದಲ್ಲಿ.

ಕೊನೆಗೆ ಊರಿನ ಹಿರಿಯ ಮಾತಿನ ಯಜಮಾನ ತೌಮೂಲಿ, ಎಂಬತ್ತು ದಾಟಿದ ಮುದುಕ, ಒಂದು ಬೆಳಿಗ್ಗೆ ಬಸ್ಸಿಗೇ ಬಂದು ಮುಂದಿನ ಸೀಟಲ್ಲಿ ಕೂತ.

"ನೋಡಪ್ಪಾ ತಾನಿಯೇಲು, ನಿನ್ನ ತಂಗಿ ಮಗಳ ಮದುವೆ ಬಂತು. ಬರೋ ಶನಿವಾರಕ್ಕೆ ಇನ್ನೊಂದು ವಾರ ಸೇರಿಸು, ಫಾಗಾಲೆಮು ಊರಿಂದ ಗಂಡಿನ ಕಡೆಯವರು ಬರ್ತಾರೆ. ನಿಮ್ಮ ಮನೆತನದ ಮದುವೆ, ನಿಮ್ಮ ಮನೆತನದ ಬಾಯೇ ಮಾತಾಡ್ಬೇಕು."

"ಅಜ್ಜಾ, ಆವತ್ತು ನನ್ನ ಹಲ್ಲು..."

"ಹಲ್ಲು ಉಳಿದಿದ್ರೆ ಆವತ್ತು ಬಾ. ಉಳೀದಿದ್ರೆ ಪದವಿ ನಿನ್ನ ಚಿಕ್ಕಮ್ಮನ ಮಗನಿಗೆ ಹೋಗುತ್ತೆ. ನಿಮ್ಮ ಮನೆಯವರೇ ಹಂಗೆ ತೀರ್ಮಾನ ಮಾಡಿದಾರೆ. ನಂಗೆ ಇಲ್ಲೇ ಇಳಿಸು."

ಚಿಕ್ಕಮ್ಮನ ಮಗ ಎಂದರೆ ಫೆರೆಟಿ. ಆಕ್ಲೆಂಡಿನಲ್ಲಿ ಎಂಟು ವರ್ಷ ಇದ್ದು, ಹೋದ ವರ್ಷ ವಾಪಸಾದವನು. ಕಪ್ಪು ಕನ್ನಡಕವನ್ನು ಚರ್ಚಿನ ಒಳಗೂ ತೆಗೆಯದವನು. ಮಾತಾಡು ಎಂದರೆ ಸಾಕು, ಎದ್ದುನಿಂತೇಬಿಡುವವನು. ಏನು ಮಾತಾಡಬೇಕು ಅನ್ನುವುದು ಅವನಿಗೆ ಎದ್ದ ಮೇಲೆ ಹೊಳೆಯುತ್ತಿತ್ತು, ಕೆಲವು ಸಲ ಕೂತ ಮೇಲೆ.

ಇಂಥ ಸಂಕಟದಲ್ಲಿ ಆಕ್ಲೆಂಡಿನ ತಂಗಿ, ಅಂದರೆ ಮದುಮಗಳ ತಾಯಿ, ಅಣ್ಣನಿಗೊಂದು ಕರಿ ಫೋನು ಕಳಿಸಿಕೊಟ್ಟಳು. ಅದರೊಳಗೆ ಓರಾ ಎಂಬ ಹೆಣ್ಣುದನಿ ಇತ್ತು. ಕೇಳಿದ್ದಕ್ಕೆಲ್ಲ ಉತ್ತರ ಕೊಡುವಳು, ಅದೂ ಶುದ್ಧ ಸಮೋವನ್ ಭಾಷೆಯಲ್ಲಿ, ಪಾದ್ರಿಗಳು ಭಾನುವಾರ ಮಾತಾಡುವಷ್ಟು ಮರ್ಯಾದೆಯಿಂದ. ತಾನಿಯೇಲು ಅದನ್ನು ಸ್ಟೀರಿಂಗಿನ ಪಕ್ಕ ರಬ್ಬರ್ ಬ್ಯಾಂಡು ಹಾಕಿ ಕಟ್ಟಿದ.

"ಓರಾ, ಮಳೆ ಬರುತ್ತಾ?"

"ಮಧ್ಯಾಹ್ನದ ನಂತರ ಮಳೆಯಾಗುವ ಸಂಭವವಿದೆ, ಮಾನ್ಯರೇ."

'ಮಾನ್ಯರೇ' ಎಂದು ತನ್ನನ್ನು ಯಾರಾದರೂ ಕರೆದು ತಾನಿಯೇಲು ಕೇಳಿದ್ದು ಅದೇ ಮೊದಲು. ಆ ದಿನ ಅವನು ಹದಿನೇಳು ಸಲ ಮಳೆಯ ಬಗ್ಗೆ ವಿಚಾರಿಸಿದ.

ಹಡಗುಕಟ್ಟೆಗೆ ಹೊರಟ ಬಸ್ಸು ತುಂಬಿತ್ತು. ಅಲ್ಲಿನ ರೂಢಿಯಂತೆ ಸೀಟು ಸಿಗದವರು ಸೀಟು ಸಿಕ್ಕವರ ತೊಡೆಯ ಮೇಲೆ ಕೂತಿದ್ದರು. ಫೆರೆಟಿಯ ತೊಡೆಯ ಮೇಲೆ ಲೂಪೆ ಅಜ್ಜಿ ತನ್ನ ಗೆಡ್ಡೆಯ ಬುಟ್ಟಿಯ ಸಮೇತ ಕೂತಿದ್ದಳು. ಆ ಭಾರದ ಕೆಳಗಿನಿಂದಲೇ ಫೆರೆಟಿ ಕಷ್ಟಪಟ್ಟು ಜೇಬಿಗೆ ಕೈಹಾಕಿ ತನ್ನ ಬಿಳಿ ಫೋನು ತೆಗೆದ. ಅದರೊಳಗಿನವಳ ಹೆಸರು ಟೆಸ್ಸಾ. ಬೇರೆ ಕಂಪನಿಯವಳು.

"ಅಣ್ಣಾ, ನಿನ್ನ ಓರಾ ಬಾಯಿ ತೆರೆಯೋಷ್ಟರಲ್ಲಿ ನನ್ನ ಟೆಸ್ಸಾ ಮೂರು ಉತ್ತರ ಹೇಳಿ ನೀರು ಕುಡೀತಾಳೆ."

"ಬಾಯಿಗೆ ಬಂದದ್ದು ಹೇಳೋಕೆ ಎಷ್ಟು ಹೊತ್ತು ಬೇಕು? ಓರಾ ಯೋಚನೆ ಮಾಡಿ ಹೇಳ್ತಾಳೆ."

"ಹಂಗಾದ್ರೆ ಕೇಳಿಬಿಡು. ಹಡಗು ಹೊರಡೋಕೆ ಎಷ್ಟು ಹೊತ್ತಿದೆ?"

ಓರಾ ಹನ್ನೆರಡು ನಿಮಿಷವೆಂದಳು. ಟೆಸ್ಸಾ ಹದಿನಾಲ್ಕು ಎಂದಳು. ಬಸ್ಸು ಎರಡು ಪಕ್ಷವಾಯಿತು. ಎಡಗಡೆಯ ಸೀಟಿನವರೆಲ್ಲ ಓರಾ, ಬಲಗಡೆಯವರೆಲ್ಲ ಟೆಸ್ಸಾ. ತೊಡೆಯ ಮೇಲಿದ್ದವರು ಕೆಳಗಿದ್ದವರ ಪಕ್ಷಕ್ಕೆ ಸೇರಬೇಕೋ ಬೇಡವೋ ಎಂಬ ಬಗ್ಗೆಯೂ ಚರ್ಚೆಯಾಯಿತು. ಎಂಜಿನ್ ಸದ್ದಿಗೆ ಏನೂ ಕೇಳಿಸುತ್ತಿಲ್ಲವೆಂದು ಹಿಂದಿನವರು ಕೂಗಿದರು. ತಾನಿಯೇಲು ನ್ಯಾಯವಾಗಿ ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ, ಇಬ್ಬರಿಗೂ ಮತ್ತೆ ಮೊದಲಿಂದ ಪ್ರಶ್ನೆ ಕೇಳಿದ. ಆಮೇಲೆ ಹಡಗಿನ ವೇಗ, ಕಪ್ತಾನನ ಹೆಸರು, ಸಮುದ್ರದ ಆಳ ಇವೆಲ್ಲವನ್ನೂ ಕೇಳಲಾಯಿತು. ಕೊನೆಗೆ ಹಡಗುಕಟ್ಟೆ ಮುಟ್ಟಿದಾಗ ಹಡಗು ಹೊರಟು ಆರು ನಿಮಿಷವಾಗಿದೆಯೆಂದು ಓರಾ ಹೇಳಿದಳು, ಆರು ನಿಮಿಷವೆಂದು ಟೆಸ್ಸಾ ಹೇಳಿದಳು. ಈ ಒಂದು ವಿಷಯದಲ್ಲಿ ಇಬ್ಬರಿಗೂ ಪೂರ್ತಿ ಒಮ್ಮತವಿತ್ತು.

ಮುಂದಿನ ಹಡಗಿಗೆ ಎರಡು ಗಂಟೆ. ಮರದ ನೆರಳಲ್ಲಿ ಕೂತು ಪ್ರಯಾಣಿಕರು ತಾನಿಯೇಲುವನ್ನು ಬೈಯಲು ಬೇಕಾದಷ್ಟು ಸಮಯವಿತ್ತು. ಆ ಬೈಗುಳಕ್ಕೆ ಒಂದು ತಿರುವು ಕೊಡಲೆಂದೇ ಲೂಪೆ ಅಜ್ಜಿ ಕೇಳಿದಳು.

"ಮಳೆ ಗಿಳೆ ಇರ್ಲಿ ಕಣಪ್ಪಾ. ಮದುವೆ ದಿನ ನಿಂತ್ಕೊಂಡು ಮಾತಾಡೋಕೆ ಬರುತ್ತಾ ನಿನ್ನ ಫೋನಿಗೆ? ನಿಂಗಂತೂ ಬರಲ್ಲ."

ಎಲ್ಲರೂ ನಕ್ಕರು. ಫೆರೆಟಿ ಎಲ್ಲರಿಗಿಂತ ಒಂದು ಕ್ಷಣ ಜಾಸ್ತಿ ನಕ್ಕ. ಆ ಒಂದು ಕ್ಷಣವೇ ಎಲ್ಲ ಕೆಡಿಸಿತು.

"ಬರುತ್ತೆ!" ಎಂದ ತಾನಿಯೇಲು. "ಆವತ್ತಿನ ಮಾತೆಲ್ಲ ಓರಾನೇ ನೋಡ್ಕೋತಾಳೆ. ಅವಳಿಗೆ ಒಪ್ಪಿಸಿಬಿಟ್ಟಿದೀನಿ!"

ಅವನು ಹೇಳಿದ್ದು ಇಷ್ಟೇ. ಅದು ಅವನು ಬಸ್ಸು ತಿರುಗಿಸಿಕೊಂಡು ಬರುವ ಮೊದಲೇ ಊರು ಮುಟ್ಟಿತು. ಊರು ಮುಟ್ಟುವ ಹೊತ್ತಿಗೆ ಆ ಮಾತಿನಲ್ಲಿದ್ದ ಫೋನು ದಾರಿಯಲ್ಲೆಲ್ಲೋ ಇಳಿದುಹೋಗಿತ್ತು.

ಸಲಫಾಯಿ ಕೋಕೋ ಬೀಜ ಕುಟ್ಟುತ್ತಿದ್ದಳು. ಪಕ್ಕದ ಮನೆಯವಳು ಬೇಲಿಯ ಮೇಲೆ ಗಲ್ಲವಿಟ್ಟು ಸಂತಾಪದ ದನಿಯಲ್ಲಿ ಹೇಳಿದಳು.

"ಕೇಳಿದೆ ಕಣಕ್ಕಾ. ನಿಮ್ಮ ಯಜಮಾನ್ರು ಪದವೀನ ಯಾರೋ ಹೆಂಗಸಿಗೆ ಒಪ್ಪಿಸಿಬಿಟ್ರಂತೆ. ಆಕ್ಲೆಂಡಿನವಳಂತೆ. ಓರಾ ಅಂತ ಹೆಸರಂತೆ."

"ಯಾವ ಓರಾ?"

"ನಂಗೇನು ಗೊತ್ತು. ದನಿ ಚೆನ್ನಾಗಿದೆಯಂತೆ. ದಿನಾ ಬಸ್ಸಲ್ಲಿ ಪಕ್ಕದಲ್ಲೇ ಇಟ್ಕೊಂಡು ಓಡಾಡ್ತಾರಂತೆ."

ತಾನಿಯೇಲು ಮನೆಗೆ ಬಂದಾಗ ಸಲಫಾಯಿ ಒನಕೆ ಕೆಳಗಿಟ್ಟಿರಲಿಲ್ಲ. ಅವಳ ಹಿಂದೆ ಊರಿನ ಮಹಿಳಾ ಸಮಿತಿಯ ಒಂಬತ್ತು ಮಂದಿ ಚಾಪೆ ಹಾಸಿಕೊಂಡು ಕೂತಿದ್ದರು. ಪಾದ್ರಿಯ ಹೆಂಡತಿ ಮಧ್ಯದಲ್ಲಿದ್ದರು.

"ಎಲ್ಲಿ ಅವಳು?" ಎಂದಳು ಸಲಫಾಯಿ.

"ಯಾರು?"

"ಓರಾ!"

"ಇಲ್ಲೇ ಇದಾಳಲ್ಲ," ಎಂದು ತಾನಿಯೇಲು ನಿಷ್ಕಪಟವಾಗಿ ಸೊಂಟದ ಬಟ್ಟೆಯೊಳಗೆ ಕೈ ಹಾಕಿದ. ಒಂಬತ್ತು ಮಂದಿಯೂ ಒಟ್ಟಿಗೆ ಉಸಿರೆಳೆದುಕೊಂಡರು.

ಫೋನು ಹೊರಬಂದ ಮೇಲೆ ಸಲಫಾಯಿಗೆ ಸಮಾಧಾನವಾಯಿತು, ಸಮಿತಿಗೆ ನಿರಾಸೆಯಾಯಿತು. ಆದರೂ ಬಂದದ್ದಕ್ಕೆ ವಿಚಾರಣೆ ನಡೆಸದೆ ಹೋಗುವುದು ಸರಿಯಲ್ಲವೆಂದು ಪಾದ್ರಿಯ ಹೆಂಡತಿ ಫೋನಿನ ಕಡೆ ಬಾಗಿದರು.

"ನೀನು ಯಾವೂರವಳಮ್ಮಾ? ಯಾರ ಮಗಳು?"

"ನನಗೆ ಊರಿಲ್ಲ, ತಂದೆತಾಯಿಯರಿಲ್ಲ. ನಾನು ಏಕಕಾಲದಲ್ಲಿ ಅನೇಕ ಕಡೆ ಇರಬಲ್ಲೆ," ಎಂದಳು ಓರಾ.

"ಹಂಗೆ ಇರೋನು ದೇವರೊಬ್ಬನೇ," ಎಂದು ಪಾದ್ರಿಯ ಹೆಂಡತಿ ಎದ್ದರು. "ಇವಳು ಚರ್ಚಿನ ಹತ್ರ ಬರೋದು ಬೇಡ."

ಮಾರನೆಯ ದಿನ ಫೆರೆಟಿ ಸುಮ್ಮನಿರಲಿಲ್ಲ. ಪದವಿಯನ್ನು ಯಂತ್ರಕ್ಕೆ ಒಪ್ಪಿಸುವುದಾದರೆ ಉತ್ತಮ ಯಂತ್ರಕ್ಕೇ ಒಪ್ಪಿಸಲಿ, ಟೆಸ್ಸಾ ಎಲ್ಲದರಲ್ಲೂ ಮುಂದು, ಪರೀಕ್ಷೆ ಮಾಡಿ ನೋಡಿ ಎಂದು ಅಂಗಡಿ ಮುಂದೆ ನಿಂತು ಭಾಷಣ ಮಾಡಿದ. ಅವನ ಲೆಕ್ಕ ಸ್ಪಷ್ಟವಾಗಿತ್ತು: ಟೆಸ್ಸಾ ಗೆದ್ದರೆ ಪದವಿ ಅವಳ ಯಜಮಾನನಿಗೆ. ವಿಷಯ ತೌಮೂಲಿಯ ಕಿವಿಗೆ ಬಿತ್ತು. ಮುದುಕ ತುಂಬ ಹೊತ್ತು ತಲೆ ತುರಿಸಿಕೊಂಡು, "ಸೋಮವಾರ ಇಬ್ಬರನ್ನೂ ಸಭೆಗೆ ಕರ್ಕೊಂಡು ಬನ್ನಿ. ಬರೋವಾಗ ತಲೆ ಬಾಚಿಸ್ಕೊಂಡು ಬರೋಕೆ ಹೇಳಿ," ಎಂದ. ಎರಡನೆಯ ಮಾತು ತಮಾಷೆಯೋ ಅಲ್ಲವೋ ಯಾರಿಗೂ ತಿಳಿಯಲಿಲ್ಲ. ತಾನಿಯೇಲು ಮಾತ್ರ ಫೋನಿನ ಗಾಜನ್ನು ತೆಂಗಿನೆಣ್ಣೆ ಹಚ್ಚಿ ಒರೆಸಿದ.

ಸೋಮವಾರ ಗೋಡೆಗಳಿಲ್ಲದ ಸಭಾಮನೆಯ ಸುತ್ತ ಇಡೀ ಊರು ನಿಂತಿತ್ತು. ಒಳಗೆ ಕಂಬಕ್ಕೊಬ್ಬರಂತೆ ಯಜಮಾನರು. ನಡುವೆ ಒಳ್ಳೆಯ ಚಾಪೆ, ಅದರ ಮೇಲೆ ಎರಡು ಫೋನು. ಮಲಗಿಸಿದರೆ ಮರ್ಯಾದೆಯಲ್ಲವೆಂದು ಯಾರೋ ಹೇಳಿದ್ದರಿಂದ ಎರಡಕ್ಕೂ ಒಂದೊಂದು ತೆಂಗಿನ ಚಿಪ್ಪು ಒರಗಲು ಕೊಡಲಾಗಿತ್ತು.

ಮೊದಲು ಜ್ಞಾನಪರೀಕ್ಷೆ. ಸಾಲೆಪುವಾದ ಬಿರುದಾವಳಿ ಹೇಳು ಎಂದರೆ ಓರಾ ನೀರು ಕುಡಿದಂತೆ ಹೇಳಿದಳು. ಟೆಸ್ಸಾ ಅದನ್ನೇ ಹೇಳಿ, ಎಂಟು ತಲೆಮಾರಿನ ಹಿಂದೆ ಒಂದು ಹೆಸರು ಬೇರೆ ಇತ್ತೆಂದೂ ಸೇರಿಸಿದಳು. ಆ ಹೆಸರಿನ ವಂಶದವರು ಎದ್ದುನಿಂತು ಅದು ನಿಜವೆಂದರು. ಬೇರೆಯವರು ಎದ್ದುನಿಂತು ಸುಳ್ಳೆಂದರು. ಅರ್ಧ ಗಂಟೆ ಅದಕ್ಕೇ ಹೋಯಿತು.

ಆಮೇಲೆ ತೌಮೂಲಿ ಮುಖ್ಯ ಪರೀಕ್ಷೆಗೆ ಬಂದ. ಅಲ್ಲಿನ ಪದ್ಧತಿ ಏನೆಂದರೆ, ಅತಿಥಿಗಳ ಎದುರು ಯಾರು ಮಾತಾಡಬೇಕೆಂದು ಮಾತಿನ ಯಜಮಾನರು ಮೊದಲು ತಮ್ಮತಮ್ಮಲ್ಲೇ ಸೆಣಸುತ್ತಾರೆ. ಒಬ್ಬೊಬ್ಬರೂ ತಮಗೇ ಹಕ್ಕು ಎನ್ನುತ್ತಾರೆ, ಕೊನೆಗೆ ಒಬ್ಬೊಬ್ಬರಾಗಿ ದೊಡ್ಡ ಮನಸ್ಸಿನಿಂದ ಬಿಟ್ಟುಕೊಡುತ್ತಾರೆ. ಮಾತಾಡುವುದಕ್ಕಿಂತ ಚೆನ್ನಾಗಿ ಬಿಟ್ಟುಕೊಡುವುದು ಕಷ್ಟ. ಯಾರು ಎಷ್ಟು ಸೊಗಸಾಗಿ ಬಿಟ್ಟುಕೊಟ್ಟರೆಂದು ಊರು ವರ್ಷಗಟ್ಟಲೆ ನೆನೆಯುತ್ತದೆ.

"ಓರಾ," ಎಂದ ತೌಮೂಲಿ, "ಮದುವೆ ದಿನ ಈ ಊರಿನ ಪರವಾಗಿ ನೀನು ಮಾತಾಡ್ತೀಯಾ?"

"ಕ್ಷಮಿಸಿ, ಆ ಕೆಲಸ ನನ್ನಿಂದಾಗದು, ಮಾನ್ಯರೇ."

ಸಭೆಯಲ್ಲಿ ಮೆಚ್ಚುಗೆಯ ಗುಜುಗುಜು ಹಬ್ಬಿತು. ಕೇಳಿದ ಮೊದಲ ಮಾತಿಗೇ ಬಿಟ್ಟುಕೊಟ್ಟಳು! ಎಂಥ ಮನೆತನ!

"ಟೆಸ್ಸಾ, ಹಂಗಾದ್ರೆ ನೀನು?"

"ಕ್ಷಮಿಸಿ, ಅದರಲ್ಲಿ ನಾನು ನೆರವಾಗಲಾರೆ. ನಿಮಗಾಗಿ ಬೇರೇನಾದರೂ ಮಾಡಲೇ?"

"ಆಹಾ!" ಎಂದ ಮೂಲೆಯ ಕಂಬದ ಯಜಮಾನ. "ಬಿಟ್ಟುಕೊಟ್ಟಿದ್ದಲ್ಲದೆ ಸೇವೆಗೂ ನಿಂತಳು!"

ತೌಮೂಲಿ ಮತ್ತೆ ಓರಾಳನ್ನು ಕೇಳಿದ. ಓರಾ ಮತ್ತೆ ಬಿಟ್ಟುಕೊಟ್ಟಳು. ಟೆಸ್ಸಾ ಅದಕ್ಕಿಂತ ವಿನಯದಿಂದ ಬಿಟ್ಟುಕೊಟ್ಟಳು. ಒಂದು ಗಂಟೆ ಕಾಲ ಒಬ್ಬಳಾದ ಮೇಲೊಬ್ಬಳು ಬಿಟ್ಟುಕೊಟ್ಟೇ ಕೊಟ್ಟರು. ಇಂಥ ಸೆಣಸು ನಮ್ಮಪ್ಪನ ಕಾಲದಲ್ಲಿ ನೋಡಿದ್ದೆ, ಈಗ ಇವರಲ್ಲಿ ನೋಡಿದೆ ಎಂದು ಒಬ್ಬ ಮುದುಕ ಕಣ್ಣೊರೆಸಿಕೊಂಡ. ತಾಳ್ಮೆ ಕೆಟ್ಟವನು ಫೆರೆಟಿ ಒಬ್ಬನೇ.

"ಲೇ ಟೆಸ್ಸಾ, ಆಗುತ್ತೆ ಅನ್ನೇ! ಅಕ್ಕಪಕ್ಕದ ಊರಿನ ಇತಿಹಾಸ ಎಲ್ಲ ಗೊತ್ತು ನಿಂಗೆ!"

"ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ," ಎಂದಳು ಟೆಸ್ಸಾ. ಸಭೆ ಚಪ್ಪಾಳೆ ತಟ್ಟಿತು.

ತೌಮೂಲಿ ಕೈಯೆತ್ತಿ ಸುಮ್ಮನಾಗಿಸಿದ. ಅವನ ಮುಖದಲ್ಲಿ ನಗುವಿರಲಿಲ್ಲ.

"ಒಳ್ಳೇದು. ಇಬ್ಬರೂ ದೊಡ್ಡವರು, ಇಬ್ಬರಿಗೂ ನಂಗಿಂತ ಜಾಸ್ತಿ ಗೊತ್ತು. ಇನ್ನೊಂದೇ ಪ್ರಶ್ನೆ. ಓರಾ, ಅತಿಥಿಗಳ ಬಿರುದು ತಪ್ಪಾಗಿ ಹೇಳಿಬಿಟ್ರೆ ಏನು ಮಾಡ್ತೀಯ?"

"ತಪ್ಪಾಗಿದ್ದರೆ ಕ್ಷಮಿಸಿ. ಮತ್ತೊಮ್ಮೆ ಪ್ರಯತ್ನಿಸುವೆ."

"ಟೆಸ್ಸಾ, ನೀನು?"

"ನನ್ನ ಉತ್ತರಗಳಲ್ಲಿ ತಪ್ಪುಗಳಿರಬಹುದು. ಮುಖ್ಯವಾದ ವಿಷಯಗಳನ್ನು ದಯವಿಟ್ಟು ನೀವೇ ಪರಿಶೀಲಿಸಿಕೊಳ್ಳಿ."

ಯಜಮಾನರು ಕಂಬ ಬಿಟ್ಟು ನೆಟ್ಟಗೆ ಕೂತರು. ಮಾತಿನ ಯಜಮಾನನೊಬ್ಬ ಎದ್ದುನಿಂತು, ನನ್ನ ಮಾತು ಸರಿಯೋ ತಪ್ಪೋ ನೀವೇ ನೋಡಿಕೊಳ್ಳಿ ಅನ್ನುವುದು! ಇದನ್ನು ಆ ಊರು ಎಂದೂ ಕೇಳಿರಲಿಲ್ಲ.

"ನಾನು ಮೊದಲ ಸಲ ಎದ್ದಾಗ," ಎಂದು ತೌಮೂಲಿ ನಿಧಾನವಾಗಿ ಹೇಳಿದ, "ದೊರೆ ಯಜಮಾನರ ತಾಯಿ ಕಡೆ ಬಿರುದು ಬಿಟ್ಟೆ. ನಮ್ಮಪ್ಪನ ಹಟ್ಟಿಯಿಂದ ನಾಲ್ಕು ಹಂದಿ ಹೋದ್ವು. ನಮ್ಮಮ್ಮ ಒಂದು ತಿಂಗಳು ನನ್ನ ಮುಖ ನೋಡ್ಲಿಲ್ಲ. ಎದುರಿಗೆ ಕೂತ ಅತಿಥಿ ನನ್ನ ಮಾತು ಯಾಕೆ ಕೇಳ್ತಾನೆ ಅಂದ್ಕೊಂಡಿದೀರಿ? ನಂಗೆ ಎಲ್ಲಾ ಗೊತ್ತು ಅಂತಲ್ಲ. ತಪ್ಪಿದ್ರೆ ನಂಗೆ ಬೀಳುತ್ತೆ ಅಂತ ಅವನಿಗೂ ಗೊತ್ತು. ಈ ಹೆಣ್ಮಕ್ಕಳಿಗೆ ಏನು ಬೀಳುತ್ತೆ? ಇವರು ತಪ್ಪಿದ್ರೆ ಹಂದಿ ಯಾರು ಕೊಡ್ತಾರೆ?"

"ಕಂಪನಿಯವರಿಗೆ ಕಾಗದ ಬರೀಬಹುದು," ಎಂದ ಫೆರೆಟಿ. "ಟೆಸ್ಸಾ ತಪ್ಪಿದ್ರೆ ಅದು ನನ್ನ ಜವಾಬ್ದಾರಿ ಅಲ್ಲ. ಒಪ್ಪಂದದಲ್ಲೇ ಹಂಗೆ ಬರ್ದಿದೆ."

"ಓರಾ ತಪ್ಪಿದ್ರೆ?"

ತಾನಿಯೇಲು ಆಗ ಏನು ಯೋಚಿಸುತ್ತಿದ್ದನೆಂದು ಕೇಳಿದರೆ, ಓರಾಳ ಬ್ಯಾಟರಿ ಕೆಂಪಾಗಿದೆಯಲ್ಲ ಎಂದು ಯೋಚಿಸುತ್ತಿದ್ದ. ಆದ್ದರಿಂದ ಕೆಮ್ಮಲು ಮರೆತ.

"ನಾನೇ ಕೊಡ್ತೀನಿ, ಇನ್ಯಾರು ಕೊಡ್ತಾರೆ?" ಎಂದುಬಿಟ್ಟ. "ನನ್ನ ಮನೆಯಿಂದ ಬಂದವಳು ತಪ್ಪಿದ್ರೆ ಹಂದಿ ನಮ್ಮದೇ ಅಲ್ವಾ ಅಜ್ಜಾ?"

ಹೊರಗೆ ನಿಂತಿದ್ದ ಸಲಫಾಯಿ ಹಣೆ ಚಚ್ಚಿಕೊಂಡಳು. ಹನ್ನೊಂದು ತಿಂಗಳಲ್ಲಿ ಆ ಕಂಬದಿಂದ ಬಂದ ಮೊದಲ ಮಾತು ಅದು.

"ಹಂಗಾದ್ರೆ ಮುಗೀತು," ಎಂದ ತೌಮೂಲಿ. "ಈ ಇಬ್ಬರೂ ಬಿಟ್ಟುಕೊಟ್ಟಿದಾರೆ. ಫೆರೆಟಿ ಕಂಪನಿಗೆ ಬಿಟ್ಟುಕೊಟ್ಟಿದಾನೆ. ಉಳಿದವನು ನೀನೊಬ್ಬ. ಮದುವೆ ದಿನ ನೀನೇ ಮಾತಾಡು."

"ಅಜ್ಜಾ, ನಾನು ಹೇಳಿದ್ದು ಹಂದಿ ಬಗ್ಗೆ..."

"ಅದಕ್ಕೇ."

ತಾನಿಯೇಲುಗೆ ಕೆಮ್ಮು ಈಗ ಬಂತು, ಬಹಳ ಜೋರಾಗಿ. ಯಾರೂ ಲಕ್ಷ್ಯ ಕೊಡಲಿಲ್ಲ.

ಆ ವಾರ ಅವನ ಬಸ್ಸಲ್ಲಿ ಪ್ರಯಾಣ ಮಾಡಿದವರಿಗೆ ಬೇರೆ ಯಾವ ಕೆಲಸವೂ ಇರಲಿಲ್ಲ. ತಾನಿಯೇಲು ಗೇರು ಹಾಕುತ್ತ ಬಿರುದು ಹೇಳುವನು, ಓರಾ ತಿದ್ದುವಳು, ಓರಾ ತಿದ್ದಿದ್ದನ್ನು ಮುದುಕಿಯರು ಮತ್ತೆ ತಿದ್ದುವರು. ನೆನಪಿರಲೆಂದು ಅವನು ಒಂದು ಉಪಾಯ ಮಾಡಿದ. ಕರಾವಳಿಯ ಒಂದೊಂದು ಊರಿನ ಬಿರುದನ್ನೂ ಆ ಊರಿನ ಬಸ್ ನಿಲ್ದಾಣಕ್ಕೆ ಗಂಟು ಹಾಕಿಕೊಂಡ. ಬ್ರೇಕು ಒತ್ತಿದರೆ ಬಿರುದು ತಾನಾಗಿ ಬರುತ್ತಿತ್ತು. ಗುರುವಾರದ ಹೊತ್ತಿಗೆ ಬ್ರೇಕು ಒತ್ತದೆಯೂ ಬರತೊಡಗಿತು.

ಶುಕ್ರವಾರ ಫೆರೆಟಿ ಬಸ್ಸು ಹತ್ತಿದ. ಕನ್ನಡಕ ಇರಲಿಲ್ಲ. ಡ್ರೈವರ್ ಹಿಂದಿನ ಸೀಟಲ್ಲಿ ಕೂತು ಮೂರು ಊರು ದಾಟಿದ ಮೇಲೆ ಮುಂದಕ್ಕೆ ಬಾಗಿದ.

"ಅಣ್ಣಾ, ಆವತ್ತು ಸಭೇಲಿ... ನಾನು ಕೊಡಲ್ಲ ಅಂತ ಅಲ್ಲ. ನಂಗೆ ಹಂದಿನೇ ಇಲ್ಲ. ಬಂದು ಒಂದು ವರ್ಷ ಆಯ್ತು, ಒಂದು ಮರೀನೂ ಸಾಕಿಲ್ಲ ನಾನು."

"ಗೊತ್ತು ಕಣೋ."

"ಅದನ್ನ ಅಷ್ಟು ಜನರ ಮುಂದೆ ಹೆಂಗೆ ಹೇಳ್ಲಿ? ಅದಕ್ಕೆ ಒಪ್ಪಂದ ಗಿಪ್ಪಂದ ಅಂತ ಏನೋ ಅಂದೆ."

ತಾನಿಯೇಲು ಕನ್ನಡಿಯಲ್ಲಿ ಅವನ ಮುಖ ನೋಡಿದ. ಇಷ್ಟು ದಿನ ತನ್ನ ಪದವಿ ಕಸಿಯಲು ಬಂದವನು ಎಂದುಕೊಂಡಿದ್ದವನ ಮುಖ. "ಫಾಗಾಲೆಮುವಿನ ಎರಡನೇ ಬಿರುದು ಯಾವುದು ಹೇಳು, ನಾನು ಮತ್ತೆ ಮರೆತೆ," ಎಂದ. ಫೆರೆಟಿಗೆ ಗೊತ್ತಿತ್ತು. ಟೆಸ್ಸಾಳನ್ನು ಕೇಳದೇ ಹೇಳಿದ.

ಮದುವೆಯ ದಿನ ಬಂತು. ಫಾಗಾಲೆಮುವಿನವರು ಎರಡು ಬಸ್ಸು ತುಂಬ ಬಂದಿಳಿದರು. ಉಡುಗೊರೆಯ ನುಣುಪು ಚಾಪೆಗಳು, ಸುಟ್ಟ ಹಂದಿಗಳು, ಡಬ್ಬಿ ಮೀನಿನ ಪೆಟ್ಟಿಗೆಗಳು ಬಯಲಲ್ಲಿ ಸಾಲಾಗಿ ಕೂತವು. ಫೋನುಗಳೆಲ್ಲ ತೌಮೂಲಿಯ ಅಪ್ಪಣೆಯಂತೆ ಒಂದು ಬುಟ್ಟಿಯಲ್ಲಿ ಅಡುಗೆಮನೆ ಸೇರಿದ್ದವು. ತಾನಿಯೇಲು ಮೈಗೆ ಎಣ್ಣೆ ಹಚ್ಚಿ, ಭುಜದ ಮೇಲೆ ಮಾತಿನ ಯಜಮಾನರ ಗುರುತಾದ ನಾರಿನ ಚಾಮರ ಹಾಕಿ, ಸೋದರಮಾವನ ಕೋಲು ಹಿಡಿದು ಬಯಲ ನಡುವೆ ನಿಂತ.

ಬಾಯಿ ತೆರೆದ. ದನಿ ಬಂತು. ಅವನಿಗೇ ಆಶ್ಚರ್ಯವಾಯಿತು.

ಸಾಲೆಪುವಾದ ಬಿರುದಾವಳಿ ಒಂದೂ ತಪ್ಪದೆ ಹೇಳಿದ. ಸಲಫಾಯಿ ಕಣ್ಣು ಮುಚ್ಚಿಕೊಂಡಿದ್ದಳು, ಒಂದು ಕಣ್ಣು ತೆರೆದಳು. ಫಾಗಾಲೆಮುವಿನದು ಶುರುಮಾಡಿದ. ಮೊದಲ ಯಜಮಾನ, ಎರಡನೆಯವನು, ಅವರ ಮಾತಿನ ಯಜಮಾನರು, ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಬಂದರು. ಅತಿಥಿಗಳು ತಲೆದೂಗಿದರು. ಸಲಫಾಯಿ ಎರಡನೆಯ ಕಣ್ಣನ್ನೂ ತೆರೆದಳು. ಅಲ್ಲಿಗೆ ನಿಲ್ಲಿಸಬೇಕಿತ್ತು.

ಆದರೆ ಹದಿನೆಂಟು ವರ್ಷ ಆ ದಾರಿಯಲ್ಲಿ ಬಸ್ಸು ಓಡಿಸಿದವನು ಫಾಗಾಲೆಮುವಿನಲ್ಲಿ ಎಂದಾದರೂ ನಿಂತುಬಿಟ್ಟಿದ್ದಾನೆಯೇ? ಫಾಗಾಲೆಮು ಆದ ಕೂಡಲೇ ಸಾತುವಾಲೋ. ತಾನಿಯೇಲುವಿನ ಬಾಯಿ ಗೇರು ಬದಲಿಸಿ ಮುಂದಕ್ಕೆ ಹೋಯಿತು. ಸಾತುವಾಲೋ ಊರಿನ ಇಬ್ಬರು ದೊರೆಗಳನ್ನು ಬಿರುದು ಸಮೇತ ಭಕ್ತಿಯಿಂದ ಸ್ವಾಗತಿಸಿತು.

ಸಾತುವಾಲೋದವರು ಅಲ್ಲಿರಲಿಲ್ಲ. ಇರುವ ಸಂಭವವೂ ಇರಲಿಲ್ಲ. ಒಂದು ಸಿಹಿನೀರಿನ ಒರತೆಯ ವಿಷಯಕ್ಕೆ ಫಾಗಾಲೆಮುವಿಗೂ ಅವರಿಗೂ ಇಪ್ಪತ್ತೆರಡು ವರ್ಷದಿಂದ ಮಾತಿರಲಿಲ್ಲ.

ಸುಟ್ಟ ಹಂದಿಗಳೂ ಕಿವಿಗೊಟ್ಟಂತೆ ಕಂಡವು. ಮದುಮಗಳ ತಾಯಿ ಸೆರಗಿನಂತೆ ಹೊದ್ದ ಬಟ್ಟೆಯನ್ನು ಬಾಯಿಗೆ ತುರುಕಿಕೊಂಡಳು. ತಾನಿಯೇಲುಗೆ ಏನಾಯಿತೆಂದು ಅರ್ಥವಾಗಲು ಮೂರು ಉಸಿರು ಬೇಕಾಯಿತು. ಅವನು ತೌಮೂಲಿಯ ಕಡೆ ನೋಡಿದ. ಮುದುಕ ದೂರದ ಸಮುದ್ರ ನೋಡುತ್ತಿದ್ದ. ಫೆರೆಟಿಯ ಕಡೆ ನೋಡಿದ. ಫೆರೆಟಿ ಎದ್ದುನಿಲ್ಲಬಹುದಿತ್ತು, ಅವನು ಎದ್ದಿದ್ದರೆ ಯಾರೂ ತಡೆಯುತ್ತಿರಲಿಲ್ಲ. ಅವನು ತಲೆ ತಗ್ಗಿಸಿ ಕೂತೇ ಇದ್ದ.

ಓಡಿಹೋಗಲು ಬಸ್ಸು ಹತ್ತಿರದಲ್ಲೇ ಇತ್ತು. ಕೀಲಿ ಸೊಂಟದಲ್ಲೇ ಇತ್ತು.

ತಾನಿಯೇಲು ಕೋಲನ್ನು ಇನ್ನೊಂದಿಷ್ಟು ಗಟ್ಟಿಯಾಗಿ ನೆಲಕ್ಕೂರಿದ.

"ದೊಡ್ಡವರೇ, ತಪ್ಪಾಯ್ತು," ಎಂದ. "ಹೇಳಿದ್ದು ನಾನು. ಬೇರೆ ಯಾರೂ ಹೇಳಿಕೊಟ್ಟಿದ್ದಲ್ಲ. ಇದಕ್ಕೆ ಏನಿದೆಯೋ ಅದು ನನ್ನ ಮೇಲಿರಲಿ, ಈ ಮಕ್ಕಳ ಮದುವೆ ಮೇಲೆ ಬೇಡ. ಅಪ್ಪಣೆ ಕೊಟ್ರೆ ಮೊದಲಿಂದ ಹೇಳ್ತೀನಿ."

ಅತಿಥಿಗಳ ಮಾತಿನ ಯಜಮಾನ, ಮೀಸೆ ನರೆತ ದಪ್ಪ ಆಸಾಮಿ, ತನ್ನ ಚಾಮರವನ್ನು ಒಂದು ಭುಜದಿಂದ ಇನ್ನೊಂದಕ್ಕೆ ಬದಲಿಸಿಕೊಂಡ. ಆಮೇಲೆ ಹೇಳಿದ. "ಹೇಳಪ್ಪಾ. ಈ ಸಲ ನಮ್ಮೂರಲ್ಲಿ ಇಳಿಸು."

ಬಯಲಿಗೆ ಬಯಲೇ ನಕ್ಕಿತು. ತಾನಿಯೇಲು ಮೊದಲಿಂದ ಹೇಳಿದ. ಫಾಗಾಲೆಮುವಿನ ಕೊನೆಯ ಬಿರುದು ಬಂದಾಗ ಅವನ ಬಲಗಾಲು ಹುಲ್ಲಿನ ಮೇಲೆ ಜೋರಾಗಿ ಬ್ರೇಕು ಒತ್ತಿತು. ನಿಂತ. ಆಮೇಲೆ ಊರಲ್ಲೇ ಬೆಳೆದ ತಂಗಿಯ ಮಗಳ ಬಗ್ಗೆ ಎರಡು ಮಾತು, ತಾನು ಅವಳನ್ನು ಶಾಲೆಗೆ ಬಿಡುತ್ತಿದ್ದ ದಿನಗಳ ಬಗ್ಗೆ ಒಂದು ಮಾತು. ಅದು ದೊಡ್ಡ ಭಾಷಣವೇನಲ್ಲ. ಆದರೆ ಗಂಡಿನ ಅಜ್ಜಿ ಮೂಗು ಒರೆಸಿಕೊಂಡಳು. ಮದುವೆಯಾಯಿತು.

ಸೋಮವಾರ ಸಭೆ ಸೇರಿತು. ತಪ್ಪು ತಪ್ಪೇ. ಒಂದು ದೊಡ್ಡ ಹಂದಿ, ಎರಡು ಪೆಟ್ಟಿಗೆ ಡಬ್ಬಿ ಮೀನು ದಂಡ ಎಂದು ತೌಮೂಲಿ ಹೇಳಿದ. ಕಮ್ಮಿ ಮಾಡಬಹುದೇನೋ ಎಂದು ಮೂಲೆಯ ಕಂಬದವನು ಕನಿಕರದಿಂದ ಬಾಯಿ ಹಾಕಿದ.

"ಯಾಕೆ ಕಮ್ಮಿ?" ಎಂದ ತೌಮೂಲಿ. "ಅವನೇನು ಫೋನಾ?"

ತಾನಿಯೇಲು ಮನೆಗೆ ಬಂದು ಹೆದರುತ್ತ ಹೆದರುತ್ತ ವಿಷಯ ಹೇಳಿದ. ಸಲಫಾಯಿ ಎರಡು ವರ್ಷ ಸಾಕಿದ ಹಂದಿ ಅದು. ಅವಳು ಹಟ್ಟಿಯ ಕಡೆ ನೋಡಿದಳು, ಗಂಡನ ಕಡೆ ನೋಡಿದಳು, ಮತ್ತೆ ಹಟ್ಟಿಯ ಕಡೆ ನೋಡಿದಳು.

"ಏನ್ರೀ, ಸಭೆ ಪದವಿ ಬಗ್ಗೆ ಏನಂತು?"

"ಆ ವಿಷಯ ಯಾರೂ ಎತ್ತಲೇ ಇಲ್ಲ ಕಣೇ. ಮಾತಿನ ಯಜಮಾನ ತಪ್ಪಿದ್ರೆ ಎಷ್ಟು ದಂಡವೋ ಅಷ್ಟೂ ಹಾಕಿದ್ರು."

ಸಲಫಾಯಿ ಒಳಗೆ ಹೋದಳು. ಹೊರಬಂದಾಗ ಭಾನುವಾರದ ಬಿಳಿ ಉಡುಪು ತೊಟ್ಟಿದ್ದಳು. ಕಿವಿಗೆ ಹೂವು ಸಿಕ್ಕಿಸಿದ್ದಳು.

ಸಭಾಮನೆ ಅವರ ಹಿತ್ತಿಲಿನಿಂದ ನೂರು ಹೆಜ್ಜೆ. ಸಲಫಾಯಿ ಹಂದಿಯನ್ನು ಆ ದಾರಿಯಲ್ಲಿ ಕರೆದೊಯ್ಯಲಿಲ್ಲ. ಮುಂದಿನ ರಸ್ತೆಗೆ ಬಂದು, ಅಂಗಡಿಯ ಎದುರಿಂದ, ಪಾದ್ರಿಯ ಮನೆ ಸುತ್ತಿ, ಇಡೀ ಊರು ಬಳಸಿ ನಡೆಸಿದಳು. ಹಂದಿಯ ಹಿಂಗಾಲಿನ ಹಗ್ಗ ಹಿಡಿದು ಬೆವರುತ್ತಿದ್ದವನು ಫೆರೆಟಿ. ಮೀನಿನ ಪೆಟ್ಟಿಗೆ ಹೊತ್ತು ಹಿಂದೆ ಬರುತ್ತಿದ್ದವನು ತಾನಿಯೇಲು.

ಲೂಪೆ ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. "ಏನೇ ಇದು ಸಲಫಾಯಿ, ಹಬ್ಬಾನಾ?"

"ಇಲ್ಲ ಅಜ್ಜೀ," ಎಂದಳು ಸಲಫಾಯಿ, ಆಚೆ ಬೀದಿಗೂ ಕೇಳುವ ಹಾಗೆ. "ನಮ್ಮ ಯಜಮಾನ್ರಿಗೆ ದಂಡ ಬಿದ್ದಿದೆ!"